ಎರಡು ಮುಷ್ಟಿ ಎತ್ತರದ ಅಗಸ್ತ್ಯ

ಜನವರಿ ಕೊನೆ. ಅಮಾವಾಸ್ಯೆ ಹತ್ತಿರ. ರಾತ್ರಿ ಹತ್ತು ಗಂಟೆಗೆ ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಕಾಸಾರಶಿರಸಿಯ ಮಾಳಿಗೆ ಮೇಲೆ ನಿಂತು, ತೋಳು ಚಾಚಿ ಮುಷ್ಟಿ ಹಿಡಿಯಿರಿ. ಉತ್ತರಕ್ಕೆ, ದಿಗಂತದಿಂದ ಎರಡು ಮುಷ್ಟಿ ಮೇಲೆ ಧ್ರುವ. ಈಗ ದಕ್ಷಿಣಕ್ಕೆ ತಿರುಗಿ. ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಅಗಸ್ತ್ಯ ನಕ್ಷತ್ರ! ನಮ್ಮೂರು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಅದಕ್ಕೇ ಈ ಸಮತೂಕ. ಲಂಡನ್ನಿನವರಿಗೆ ಅಗಸ್ತ್ಯ ಕಾಣುವುದೇ ಇಲ್ಲ.

ತಲೆ ಎತ್ತಿ. ಅದೋ ನಮ್ಮ ರೈತರ ಮಿರಗ, ಮೃಗಶಿರಾ. ಜೂನ್‌ನಲ್ಲಿ ಮಿರಗದ ಮಳೆ ಬರುವಾಗ ಸೂರ್ಯ ಇದೇ ನಕ್ಷತ್ರದಲ್ಲಿರುತ್ತಾನೆ. ಹಾಗಾಗಿ ಮಳೆಗಾಲದ ಹೆಸರನ್ನು ಕಣ್ಣಾರೆ ಕಾಣುವುದು ಚಳಿಗಾಲದಲ್ಲಿ. ಸಾಲಾಗಿರುವ ಮೂರು ಚುಕ್ಕಿಗಳ ಕೆಳಗೆ ಒಂದು ಮಸುಕು ಕಲೆ ಇದೆಯಲ್ಲ? ಹೊಸ ನಕ್ಷತ್ರಗಳು ಹುಟ್ಟುವ ಮೋಡ ಅದು. ಈಗ ಕಣ್ಣಿಗೆ ಬಿದ್ದ ಅದರ ಬೆಳಕು ಹೊರಟದ್ದು ಬಾದಾಮಿ ಚಾಲುಕ್ಯರ ಕಾಲದಲ್ಲಿ.

ಈ ಆಕಾಶವನ್ನು ಜನರಿಗೆ ತೋರಿಸಲೆಂದೇ ನಿದ್ದೆಗೆಡುವವರಿದ್ದಾರೆ. ಅಂಥವರದೇ ಸಂಘವಾದ ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಹುಟ್ಟಿದ್ದು 1944ರಲ್ಲಿ. ಮುಂಬೈನ ಖಗೋಲ ಮಂಡಳದ ಸ್ವಯಂಸೇವಕರು ವಾಂಗಣಿಯಲ್ಲಿ ಬೆಳಗಾಗುವ ತನಕ ಆಕಾಶ ತೋರಿಸುತ್ತಾರೆ. 2024ರಲ್ಲಿ ನಮ್ಮ ರಾಜ್ಯದ ಪೇಂಚ್ ಕಾಡು ದೇಶದ ಮೊದಲ ಕತ್ತಲಾಕಾಶ ಉದ್ಯಾನವಾಯಿತು.

ನಮ್ಮ ಗಡಿಯ ಶಾಲೆಗಳ ಅಂಗಳಕ್ಕೂ ಒಂದು ದೂರದರ್ಶಕ ಬರಬೇಕು, ಪಕ್ಕದಲ್ಲಿ ಕನ್ನಡದಲ್ಲಿ ಹೇಳುವವರೊಬ್ಬರು ನಿಲ್ಲಬೇಕು. ಇದು ನನ್ನ ಬಹುದಿನದ ಆಸೆ.

ಅಲ್ಲಿಯವರೆಗೆ ಬರಿಗಣ್ಣು ಸಾಕು. ಮೊಬೈಲ್ ಕಿಸೆಯಲ್ಲಿಡಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ದಾರಿ ನೋಡಲು ಟಾರ್ಚಿಗೆ ಕೆಂಪು ಹಾಳೆ ಸುತ್ತಿ. ಅಜ್ಜಿಯನ್ನೂ ಮೇಲಕ್ಕೆ ಕರೆಯಿರಿ, ಮಿರಗ ಯಾವುದೆಂದು ಅವರೇ ತೋರಿಸಲಿ.