ಗುರುಕುಲಕ್ಕೆ ಬಂದ ಬಿಳಿಯ ಬಂಧುಗಳು

ಬೆಂಗಳೂರಿನಿಂದ ಮಂಗಳೂರಿನತ್ತ ಹೊರಟವರಿಗೆ ನೆಲಮಂಗಲ ದಾಟಿ, ಕುಣಿಗಲ್‌ಗೆ ಮೊದಲೇ ಸೋಲೂರು ಸಿಗುತ್ತದೆ. ಮಾಗಡಿ ಸೀಮೆಯ ಈ ಊರಲ್ಲಿ ಆರ್ಯ ಈಡಿಗ ಮಹಾಸಂಸ್ಥಾನದ ಮಠವಿದೆ. ಈಡಿಗರ ಹಲವು ಮನೆಗಳಲ್ಲಿ ಕೇರಳದ ಸಂತ ನಾರಾಯಣ ಗುರುಗಳ ಪಟ ಕಾಣುತ್ತದೆ. ಮನುಷ್ಯರದೆಲ್ಲ ಒಂದೇ ಜಾತಿ ಎಂದವರು ಅವರು. ಆ ಮಾತನ್ನು ನಾವು ನಮ್ಮೊಳಗಿನ ಜಾತಿಗಳ ಲೆಕ್ಕದಲ್ಲಷ್ಟೇ ಕೇಳಿಸಿಕೊಂಡುಬಿಟ್ಟಿದ್ದೇವೆ. ಅದು ಚರ್ಮದ ಬಣ್ಣವನ್ನೂ ದಾಟಿದ ಮಾತಾಗಿತ್ತು.

ಕೊಯಮತ್ತೂರಿನಲ್ಲಿದ್ದ ಬಿಳಿಯ ಥಿಯಾಸಫಿಸ್ಟ್ ಅರ್ನೆಸ್ಟ್ ಕರ್ಕ್ ನಾರಾಯಣ ಗುರುಗಳ ಶಿಷ್ಯರಾಗಲು ಬಂದರು. ಅವರಿಗೆ ಸನ್ಯಾಸದ ಉಡುಪಾಗಿ ಸಿಕ್ಕಿದ್ದು ಪ್ಯಾಂಟು, ಕೋಟು, ಟೈ, ಬೂಟು! ಸನ್ಯಾಸಿಯಾಗಲು ಅವರು ತಮ್ಮ ವೇಷ ಕಳಚಬೇಕಾಗಲಿಲ್ಲ. ನಮ್ಮವನಾಗಬೇಕಾದರೆ ನಮ್ಮಂತಾಗು ಎಂದು ಎಲ್ಲ ಸಮಾಜಗಳೂ ಷರತ್ತು ಹಾಕುತ್ತವೆ, ಗುರುಗಳು ಹಾಕಲಿಲ್ಲ. ನನಗೆ ಅವರ ಬದುಕಿನಲ್ಲಿ ಬಹಳ ಹಿಡಿಸಿದ ಸಂಗತಿ ಇದು.

ಈ ಕಥೆಗೆ ಬೆಂಗಳೂರಿನ ನಂಟೂ ಇದೆ. ಈಳವ ಜಾತಿಯವರೆಂದು ತಿರುವಾಂಕೂರಿನಲ್ಲಿ ಸರ್ಕಾರಿ ಕೆಲಸ ಸಿಗದ ಡಾ. ಪಲ್ಪು ಅವರಿಗೆ ಮೈಸೂರು ಸಂಸ್ಥಾನ ಕೆಲಸ ಕೊಟ್ಟಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ರೋಗಿಗಳ ನಡುವೆ ನಿಂತು ದುಡಿದವರು ಅವರು. ಹುಟ್ಟಿದ ನಾಡು ಬೇಡವೆಂದವರನ್ನು ಈ ನೆಲ ಇಟ್ಟುಕೊಂಡಿತು. ಅವರ ಮಗ, 1895ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ನಟರಾಜ, ಮುಂದೆ ನಾರಾಯಣ ಗುರುಗಳ ಶಿಷ್ಯರಾಗಿ 1923ರಲ್ಲಿ ನಾರಾಯಣ ಗುರುಕುಲ ಕಟ್ಟಿದರು. ಜಿನೀವಾ ಬಳಿಯ ಶಾಲೆಯಲ್ಲಿ ಪಾಠ ಹೇಳಿ, ಪ್ಯಾರಿಸ್ಸಿನ ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದರು.

ನಟರಾಜ ಗುರುಗಳ ಸುತ್ತ ಸೇರಿದವರಲ್ಲಿ ಸ್ಕಾಟ್ಲೆಂಡಿನ ಜಾನ್ ಸ್ಪಿಯರ್ಸ್ ಒಬ್ಬರು. ಕನಕಪುರ ರಸ್ತೆಯ ಕಗ್ಗಲೀಪುರದ ಬಳಿ ಗುರುಕುಲ ಮಾಡಿಕೊಂಡು, 1955ರಿಂದ 'ವ್ಯಾಲ್ಯೂಸ್' ಎಂಬ ಮಾಸಪತ್ರಿಕೆ ನಡೆಸಿದರು. ಹಳ್ಳಿಯ ಅಂಚೆ ಕಚೇರಿಯ ವಿಳಾಸ, ಓದುಗರು ದೇಶವಿದೇಶಗಳಲ್ಲಿ. ನಟರಾಜ ಗುರುಗಳ ಬರಹಗಳು ತಿಂಗಳು ತಿಂಗಳೂ ಬೆಳಕು ಕಂಡದ್ದು ಈ ಸ್ಕಾಟಿಷ್ ಸಂಪಾದಕರ ಮೇಜಿನಿಂದಲೇ. ಗುರು–ಶಿಷ್ಯ ಎನ್ನುವುದಕ್ಕಿಂತ ಒಂದೇ ಕೆಲಸಕ್ಕೆ ಹೆಗಲು ಕೊಟ್ಟ ಗೆಳೆಯರು ಎನ್ನಬೇಕೆನಿಸುತ್ತದೆ.

1956ರಲ್ಲಿ ಇನ್ನೊಬ್ಬ ಅತಿಥಿ ಬಂದರು: ಗ್ಯಾರಿ ಡೇವಿಸ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಮೇಲೆ ಬಾಂಬು ಹಾಕಿದ ಅಮೆರಿಕದ ಪೈಲಟ್. ಯುದ್ಧದಲ್ಲಿ ಅಣ್ಣನನ್ನು ಕಳೆದುಕೊಂಡ ಅವರಿಗೆ ತಾನು ಸುರಿದ ಬಾಂಬುಗಳ ನೆನಪೂ ಕಾಡುತ್ತಿತ್ತು. 1948ರಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ಪೌರತ್ವ ಬಿಟ್ಟು, ತಾನು ವಿಶ್ವಪ್ರಜೆ ಎಂದು ಸಾರಿದರು. ಭಾರತಕ್ಕೆ ಬರುವಾಗ ಕೈಯಲ್ಲಿದ್ದದ್ದು ತಾವೇ ಮಾಡಿಕೊಂಡ 'ವಿಶ್ವ ಪಾಸ್‌ಪೋರ್ಟ್'. ಯಾವ ದೇಶದವರೂ ಅಲ್ಲದ ಈ ಮನುಷ್ಯ ಬಂದು ಸೇರಿದ್ದು ನಟರಾಜ ಗುರುಗಳ ಬಳಿಗೆ. ವಿಶ್ವ ಸರ್ಕಾರದ ಅವರ ಕನಸಿಗೆ ಗುರುಗಳು ಅದೇ ವರ್ಷ ಒಂದು ಮನವಿಪತ್ರವನ್ನೇ ಬರೆದುಕೊಟ್ಟರು. ಡೇವಿಸ್ 2013ರಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರು ಅಮೆರಿಕದ ಪೌರತ್ವಕ್ಕೆ ಮರಳಲಿಲ್ಲ.