ಕಾವಲುನಾಯಿಯ ಒಡಲಲ್ಲಿ ಅಡಗಿದ ಗಡ್ಡೆ

ಗೋದಾಮು, ಗಿರಣಿ, ಸಣ್ಣ ಕಾರ್ಖಾನೆಗಳ ರಾತ್ರಿ ಕಾವಲಿಗೆ ನಾಯಿ ಸಾಕುವುದು ವರ್ತಕರಲ್ಲಿ ಹಳೆಯ ರೂಢಿ. ವರ್ಷಾನುಗಟ್ಟಲೆ ದುಡಿದ ಎಂಟೊಂಬತ್ತು ವರ್ಷದ ನಾಯಿಯೊಂದು ಓಡಾಟದ ನಡುವೆ ಹಿಂಗಾಲು ಸೋತು ಕುಸಿಯುತ್ತದೆ. ತುಸು ಹೊತ್ತಿನಲ್ಲಿ ಏನೂ ಆಗದಂತೆ ಎದ್ದು ಬಾಲವಾಡಿಸುತ್ತದೆ. ಕೆಲವು ವಾರಗಳಲ್ಲಿ ನಡುಕ, ಸೆಳವು ಕಾಣಿಸಿಕೊಳ್ಳುತ್ತವೆ. ಮುಪ್ಪೆಂದೋ ಮೂರ್ಛೆರೋಗವೆಂದೋ ಮಾಲೀಕರು ಸುಮ್ಮನಾಗುವುದುಂಟು. ಆದರೆ ಮೂಲವು ಮೇದೋಜೀರಕ ಗ್ರಂಥಿಯಲ್ಲಿರುವ ‘ಇನ್ಸುಲಿನೋಮಾ’ ಎಂಬ ವಿರಳ ಗಡ್ಡೆಯೂ ಆಗಿರಬಹುದು. ಲ್ಯಾಬ್ರಡಾರ್, ಜರ್ಮನ್ ಷೆಫರ್ಡ್, ಬಾಕ್ಸರ್ ಮುಂತಾದ ದೊಡ್ಡ ತಳಿಗಳಲ್ಲಿ, ನಡುವಯಸ್ಸಿನ ನಂತರ ಇದು ಹೆಚ್ಚು.

ರೋಗದ ಬಗೆ

ರಕ್ತದಲ್ಲಿ ಸಕ್ಕರೆ ಏರಿದಾಗ ಇನ್ಸುಲಿನ್ ಸ್ರವಿಸಿ, ಇಳಿದಾಗ ತಡೆಹಿಡಿಯುವುದು ಆರೋಗ್ಯವಂತ ಗ್ರಂಥಿಯ ಕ್ರಮ. ಗಡ್ಡೆಯ ಕೋಶಗಳು ಈ ಕಟ್ಟಳೆಯನ್ನು ಪಾಲಿಸವು. ಸಕ್ಕರೆ ಎಷ್ಟೇ ಇಳಿದರೂ ಇನ್ಸುಲಿನ್ ಒಸರುತ್ತಲೇ ಇರುತ್ತದೆ. ಸಕ್ಕರೆಯನ್ನೇ ನೆಚ್ಚಿದ ಮಿದುಳು ಹಸಿದು ಸೆಳವು ಬರುತ್ತದೆ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅವರಿಗೆ ಇನ್ಸುಲಿನ್ ದೊರೆತದ್ದು ನಾಯಿಗಳ ಮೇದೋಜೀರಕ ಗ್ರಂಥಿಯಿಂದಲೇ ಎಂಬುದು ಇಲ್ಲಿ ಸ್ಮರಣೀಯ.

ಪತ್ತೆಯ ಕ್ರಮ

ಸಕ್ಕರೆಯೊಂದನ್ನೇ ಅಳೆದರೆ ಸಾಲದು. ಸಕ್ಕರೆ ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕೆಳಗಿರುವಾಗ ತೆಗೆದ ಅದೇ ರಕ್ತದಲ್ಲಿ ಇನ್ಸುಲಿನ್ ಪ್ರಮಾಣವನ್ನೂ ನೋಡಬೇಕು. ಸಕ್ಕರೆ ತಳ ಕಂಡಿದ್ದರೂ ಇನ್ಸುಲಿನ್ ಇಳಿಯದಿದ್ದರೆ ಸಂದೇಹ ಬಲವಾಗುತ್ತದೆ. ಎರಡು ಖಾತೆಗಳನ್ನು ಒಂದೇ ದಿನಾಂಕಕ್ಕೆ ತಾಳೆ ನೋಡಿದಾಗಲೇ ವ್ಯತ್ಯಾಸ ಹೊರಬೀಳುವಂತೆ ಇದು. ಗಡ್ಡೆ ಅನೇಕ ವೇಳೆ ಎರಡು ಸೆಂಟಿಮೀಟರಿಗಿಂತ ಚಿಕ್ಕದಿರುವುದರಿಂದ ಅಲ್ಟ್ರಾಸೌಂಡ್‌ಗೆ ತಪ್ಪಿಸಿಕೊಳ್ಳುವುದುಂಟು, ಸಿ.ಟಿ. ಸ್ಕ್ಯಾನ್ ಹೆಚ್ಚು ನೆರವಾಗುತ್ತದೆ.

ಶಸ್ತ್ರಚಿಕಿತ್ಸೆ

ಗ್ಲೂಕೋಸ್ ನೀಡುತ್ತ ಉದರವನ್ನು ತೆರೆದು, ವೈದ್ಯರು ಗ್ರಂಥಿಯನ್ನು ಬೆರಳಿನಿಂದ ತಡವಿ ಗಂಟನ್ನು ಗುರುತಿಸಿ, ಆ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ನಾಯಿಗಳಲ್ಲಿ ಈ ಗಡ್ಡೆ ಬಹುಪಾಲು ಹರಡುವ ಸ್ವಭಾವದ್ದಾದುದರಿಂದ ಯಕೃತ್ತು, ದುಗ್ಧಗ್ರಂಥಿಗಳನ್ನೂ ಪರೀಕ್ಷಿಸಬೇಕು. ಬಳಿಕ ಗ್ರಂಥಿಯ ಉರಿಯೂತ, ತಾತ್ಕಾಲಿಕ ಮಧುಮೇಹ ಬರುವ ಅಪಾಯವಿದೆ.

ಮಾಲೀಕರ ನಿರ್ಧಾರ

ಪ್ರೆಡ್ನಿಸೊಲೋನ್ ಔಷಧಿ ಹಾಗೂ ದಿನಕ್ಕೆ ನಾಲ್ಕಾರು ಬಾರಿಯ ಅಲ್ಪ ಆಹಾರದಿಂದ ಸಾಮಾನ್ಯವಾಗಿ ಕೆಲವು ತಿಂಗಳು ನೆಮ್ಮದಿ ದೊರೆಯುತ್ತದೆ. ಶಸ್ತ್ರಚಿಕಿತ್ಸೆಯಾದರೆ ಅನೇಕ ನಾಯಿಗಳು ವರ್ಷಕ್ಕೂ ಮೀರಿ ಬಾಳುತ್ತವೆ. ಪೂರ್ಣ ಗುಣದ ಭರವಸೆ ಮಾತ್ರ ಇಲ್ಲ.

1961ರ ಆದಾಯ ತೆರಿಗೆ ಕಾಯಿದೆಯ 36ನೆಯ ಕಲಮು, ವ್ಯಾಪಾರಕ್ಕೆ ಬಳಸಿದ ಪ್ರಾಣಿ ಸತ್ತರೆ ಅಥವಾ ಶಾಶ್ವತವಾಗಿ ನಿರುಪಯುಕ್ತವಾದರೆ, ಅದರ ಖರೀದಿ ಬೆಲೆಯಲ್ಲಿ ಮರಳಿ ಬಂದ ಹಣವನ್ನು ಕಳೆದು ಉಳಿದುದನ್ನು ಆದಾಯದಿಂದ ಕಳೆಯಲು ಅವಕಾಶವಿತ್ತಿತ್ತು. ಕಾಯಿದೆ ಬಲ್ಲದ್ದು ಅಷ್ಟನ್ನೇ. ಹತ್ತು ವರ್ಷ ಬಾಗಿಲು ಕಾಯ್ದ ಪ್ರಾಣಿಗೆ ಇನ್ನೊಂದು ವರ್ಷ ಕೊಡಿಸಬೇಕೇ ಎಂಬುದಕ್ಕೆ ಯಾವ ಕಲಮಿನಲ್ಲೂ ಉತ್ತರವಿಲ್ಲ.

ನಾಯಿ ಕುಸಿದರೆ ಜೇನುತುಪ್ಪ ಅಥವಾ ಸಕ್ಕರೆ ಪಾಕವನ್ನು ಒಸಡಿಗೆ ಸವರಿ, ಎಚ್ಚರವಾದೊಡನೆ ಸ್ವಲ್ಪ ಆಹಾರ ನೀಡಿ, ವೈದ್ಯರಲ್ಲಿಗೆ ಒಯ್ಯಬೇಕು. ಕುಸಿದ ದಿನ, ವೇಳೆ, ಕೊನೆಯ ಊಟದ ಸಮಯ ಇವನ್ನು ಕಾವಲುಗಾರನ ಪುಸ್ತಕದಲ್ಲಿ ಬರೆದಿಡುವುದು ಲೇಸು. ರೋಗದ ಪತ್ತೆ ಅನೇಕ ವೇಳೆ ಆ ಪುಟದಿಂದಲೇ ಆರಂಭವಾಗುತ್ತದೆ.