ಉಗುರಗಲದ ಹರಳಿನಲ್ಲಿ ಆನೆ, ಸಿಂಹ

ಬಸವನಹುಳುವಿನ ಚಿಪ್ಪಿನೊಳಗಿಂದ ಆನೆಯೊಂದು ಸೊಂಡಿಲು ಚಾಚಿ ಹೊರಬರುತ್ತಿದೆ! ಇಡೀ ಚಿತ್ರ ಉಗುರಿನಷ್ಟಗಲ. ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ತೊಡುತ್ತಿದ್ದ ಮುದ್ರೆಯುಂಗುರದ ಹರಳುಗಳ ಲೋಕವೇ ಇಂಥದ್ದು. ಕೋಳಿಯ ಕಾಲು, ಕುದುರೆಯ ತಲೆ, ಎದೆಯ ಮೇಲೆ ಗಡ್ಡದ ಮುದುಕನ ಮುಖ, ಎಲ್ಲ ಸೇರಿ ಒಂದೇ ಪ್ರಾಣಿ! ಇರುವೆಯನ್ನೂ ಬಿಟ್ಟಿಲ್ಲ ಅವರು.

ಕೆತ್ತನೆಯದಂತೂ ಇನ್ನೂ ದೊಡ್ಡ ಸೋಜಿಗ. ಕಾರ್ನೀಲಿಯನ್ ಎಂಬ ಕೆಂಪು ಹರಳು ಕಬ್ಬಿಣಕ್ಕೂ ಜಗ್ಗುವುದಿಲ್ಲ. ಬಿಲ್ಲಿನಿಂದ ತಿರುಗಿಸುವ ಬೈರಿಗೆಯ ಮೊನೆಗೆ ಎಣ್ಣೆಯಲ್ಲಿ ಕಲಸಿದ ಕುರುಂದದ ಪುಡಿ ಹಚ್ಚುತ್ತಿದ್ದರು. ಕಲ್ಲನ್ನು ತೇಯುತ್ತಿದ್ದದ್ದು ಆ ಪುಡಿಯೇ. ಗುಂಡು ಮೊನೆ ಇಳಿದಲ್ಲಿ ಸಿಂಹದ ಭುಜ, ಚಕ್ರದಂಚು ಗೀರಿದಲ್ಲಿ ಕೇಸರ. ಅದೂ ಉಬ್ಬಾಗಿ ಅಲ್ಲ, ಕುಳಿಯಾಗಿ! ನೇರಕ್ಕಲ್ಲ, ಎಡಬಲ ತಿರುವಿ! ಬಿಸಿ ಮೇಣಕ್ಕೆ ಒತ್ತಿ ಎತ್ತಿದಾಗಲೇ ಸಿಂಹ ಮೈದುಂಬಿ ಏಳಬೇಕು. ಈ ಜಾತಿಯ ಹರಳಿಗೆ ಮೇಣ ಅಂಟುವುದಿಲ್ಲವೆಂದು ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿಯೇ ಬರೆದಿಟ್ಟಿದ್ದಾನೆ.

ಇಂಥ ಕಲ್ಲುಗಳು ರೋಮಿಗೆ ಎಲ್ಲಿಂದ ಹೋಗುತ್ತಿದ್ದವು ಗೊತ್ತೇ? ನಮ್ಮ ದಖ್ಖನ್ನಿನಿಂದಲೂ! ಶಾತವಾಹನರ ಪೈಠಣದಿಂದ ಓನಿಕ್ಸ್ ಕಲ್ಲನ್ನು ಬಂಡಿಗೆ ಹೇರಿ ಭರೂಚ್ ಬಂದರಿಗೆ ಒಯ್ಯುತ್ತಿದ್ದರೆಂದು ಅದೇ ಶತಮಾನದ ಗ್ರೀಕ್ ಕೃತಿ ‘ಪೆರಿಪ್ಲಸ್’ ಹೇಳುತ್ತದೆ. ಇಪ್ಪತ್ತು ದಿನದ ದಾರಿ, ಅದೂ ಸರಿಯಾದ ರಸ್ತೆಯಿಲ್ಲದ ನಾಡಿನಲ್ಲಿ! ಅತ್ತಲಿಂದ ಬಂದದ್ದೂ ಉಂಟು. ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮಿನ ಅಗಸ್ಟಸ್, ಟೈಬೀರಿಯಸ್ ದೊರೆಗಳ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಕೇರಳದ ಪಟ್ಟಣಂ ಉತ್ಖನನದಲ್ಲಿ ಕಾರ್ನೀಲಿಯನ್ ಹರಳಿನಲ್ಲಿ ಜಿಗಿಯುವ ಸಿಂಹವೇ ಎದ್ದು ಬಂತು! ಸಿಂಹದ ಮೈ, ಮನುಷ್ಯನ ತಲೆಯ ಸ್ಫಿಂಕ್ಸ್ ಕೊರೆದ ಮುದ್ರೆಯೂ ಅಲ್ಲಿ ದೊರೆತಿದೆ. ಸಾಕ್ಷಾತ್ ಅಗಸ್ಟಸ್‌ನ ಮೊದಲ ಮುದ್ರೆಯೂ ಸ್ಫಿಂಕ್ಸೇ ಆಗಿತ್ತು.

ಧಾರವಾಡ ಜಿಲ್ಲೆಯ ಮಿಶ್ರಿಕೋಟಿಯಲ್ಲಿ ಕೂತು ಆ ಸಿಂಹದ ಬಗ್ಗೆ ಓದುವಾಗ ನನಗೆ ನೆನಪಾದದ್ದು ಹಲಸಿ ಸೀಮೆಯನ್ನಾಳಿದ ಗೋವೆಯ ಕದಂಬರ ಹೊನ್ನು. ಹನ್ನೆರಡನೇ ಶತಮಾನದ ಪೆರ್ಮಾಡಿದೇವನ ಚಿನ್ನದ ನಾಣ್ಯ ನೋಡಿ: ನಾಲ್ಕು ಗ್ರಾಂ ಚಿಲ್ಲರೆ ತೂಕ, ಒಂದು ಬದಿ ಮುಂಗಾಲೆತ್ತಿದ ಸಿಂಹ, ಇನ್ನೊಂದು ಬದಿ ನಾಗರಿ ಲಿಪಿಯಲ್ಲಿ ಸಪ್ತಕೋಟೀಶ್ವರ ದೇವರ ಹೆಸರು. ರೋಮಿನ ಹರಳುಗಾರನಿಗೂ ಈ ನಾಣ್ಯದ ಕಮ್ಮಟಿಗನಿಗೂ ಸಾವಿರ ವರ್ಷದ ಅಂತರ, ಆದರೂ ಕೈಗೆ ಬಿದ್ದ ಸವಾಲು ಅದೇ! ನಾಣ್ಯ ಒತ್ತುವ ಅಚ್ಚಿನಲ್ಲಿ ಈ ಕಮ್ಮಟಿಗನೂ ಸಿಂಹವನ್ನು ಕುಳಿಯಾಗಿ, ಎಡಬಲ ತಿರುವಿಯೇ ಕೊರೆದಿರಬೇಕು. ಅದರ ಜೊತೆಗೆ ದೇವರ ಹೆಸರಿನ ಒಂದೊಂದು ಅಕ್ಷರವನ್ನೂ ಹಿಂದುಮುಂದಾಗಿ!